ಪಿಡಿಎ ಅಂದರೆ ಹೃದಯದಲ್ಲಿ ತೂತಾ?

"ಮಗು ಹುಟ್ಟಿ ಎರಡು ದಿನ. ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್‌ನಲ್ಲಿ ಪಿಡಿಎ ಅಂತಿದೆ. ಹಾರ್ಟಲ್ಲಿ ಹೋಲ್ ಅಂತ ಮನೆಯವರೆಲ್ಲ ಅಳುತ್ತಿದ್ದಾರೆ. ಏನು ಮಾಡೋದು?"

ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಇವತ್ತು ಬಿಡಿಸಿಯೇ ಹೇಳುತ್ತೇನೆ. ಅದು ತೂತಲ್ಲ. ಹೃದಯದ ಒಳಗೂ ಇಲ್ಲ.

ಅದು ಹೃದಯದ ಹೊರಗಿರುವ ಒಂದು ಪುಟ್ಟ ರಕ್ತನಾಳ. ಹೆಸರು ಡಕ್ಟಸ್ ಆರ್ಟೀರಿಯೋಸಸ್. ಅದು ಇನ್ನೂ ತೆರೆದಿದೆ (ಪೇಟೆಂಟ್) ಎನ್ನುವುದೇ ಪಿಡಿಎ. ಶ್ವಾಸಕೋಶಕ್ಕೆ ಹೋಗುವ ದೊಡ್ಡ ನಾಳವನ್ನು ಮಹಾಧಮನಿಗೆ ಜೋಡಿಸುತ್ತದೆ. ನಿಮಗೂ ಇತ್ತು, ನನಗೂ ಇತ್ತು. ಹೊಟ್ಟೆಯೊಳಗಿನ ಮಗುವಿಗೆ ಆಮ್ಲಜನಕ ಬರುವುದು ಮಾಸಿನಿಂದ, ಅದರ ಶ್ವಾಸಕೋಶದಲ್ಲಿ ಇರುವುದು ಬರೀ ದ್ರವ. ಹಾಗಾಗಿ ಅತ್ತ ಹೊರಟ ರಕ್ತದಲ್ಲಿ ಹೆಚ್ಚು ಪಾಲು ಈ ಬೈಪಾಸ್ ಹಿಡಿಯುತ್ತದೆ.

ತೂತಿಗೆ ಸ್ನಾಯು ಇರುವುದಿಲ್ಲ. ಈ ನಾಳದ ಗೋಡೆ ತುಂಬ ಸ್ನಾಯುವೇ. ಅದನ್ನು ಸಡಿಲವಾಗಿ ಇಡುವ ಮುಖ್ಯ ರಾಸಾಯನಿಕ ಪ್ರೊಸ್ಟಗ್ಲ್ಯಾಂಡಿನ್ ಇ2. ಮಾಸು ಅದನ್ನು ತಯಾರಿಸಿ ಕಳಿಸುತ್ತಿರುತ್ತದೆ. ಮಗುವಿನ ರಕ್ತದಲ್ಲಿ ಆಮ್ಲಜನಕ ಕಡಿಮೆ ಇರುವುದೂ ನೆರವಾಗುತ್ತದೆ.

ಹುಟ್ಟಿದ ಕೂಡಲೇ ಎರಡೂ ತಿರುಗಿಬೀಳುತ್ತವೆ. ಮಾಸಿನ ನಂಟು ಕಡಿಯುತ್ತದೆ. ಈಗ ಶ್ವಾಸಕೋಶದ ಮೂಲಕ ಹರಿಯುವ ರಕ್ತದಲ್ಲಿ ಉಳಿದಿದ್ದ ಪ್ರೊಸ್ಟಗ್ಲ್ಯಾಂಡಿನ್ ಅಲ್ಲೇ ಒಡೆದುಹೋಗುತ್ತದೆ. ಆಮ್ಲಜನಕ ಏರುತ್ತದೆ. ಆಗ ಸ್ನಾಯುಕೋಶದ ಪೊಟ್ಯಾಸಿಯಂ ದಾರಿಗಳು ಮುಚ್ಚಿ, ಕ್ಯಾಲ್ಸಿಯಂ ಒಳನುಗ್ಗಿ, ನಾಳ ಬಿಗಿಯುತ್ತದೆ. ಅದೇ ಆಮ್ಲಜನಕ ಶ್ವಾಸಕೋಶದ ನಾಳಗಳನ್ನು ಸಡಿಲಿಸುತ್ತದೆ! ಸಂಕೇತ ಒಂದೇ, ಕೆಲಸ ತದ್ವಿರುದ್ಧ. ಇದನ್ನು ಪಾಠ ಮಾಡುವಾಗೆಲ್ಲ ನನಗೆ ಬಹಳ ಖುಷಿ.

ತಿಂಗಳು ತುಂಬಿ ಹುಟ್ಟಿದ ಮಗುವಿಗೂ ಇದು ಮುಚ್ಚಲು 2-3 ದಿನ ಹಿಡಿಯಬಹುದು. ನಿಮ್ಮ ಎಕೋ ಆಗಿರುವುದು ಅದರ ನಡುವೆಯೇ, ಅಲ್ವಾ? ಅವಧಿಗೆ ಮುಂಚೆ ಹುಟ್ಟಿದವರಲ್ಲಿ ಸ್ನಾಯು ಆಮ್ಲಜನಕಕ್ಕೆ ಇನ್ನೂ ಸರಿಯಾಗಿ ಸ್ಪಂದಿಸುವುದಿಲ್ಲ, ಅದಕ್ಕೇ ಜಾಸ್ತಿ ದಿನ. ಬೇಕಾದರೆ ಐಬುಪ್ರೊಫೆನ್ ಅಥವಾ ಪ್ಯಾರಸಿಟಮಾಲ್ ಕೊಟ್ಟು ಮುಚ್ಚಿಸುತ್ತಾರೆ. ಇನ್ನು ಕೆಲವು ಮಕ್ಕಳ ಹೃದಯದ ರಚನೆ ಹೇಗಿರುತ್ತದೆ ಎಂದರೆ, ಈ ನಾಳ ಮುಚ್ಚಿದರೆ ಜೀವಕ್ಕೇ ಅಪಾಯ. ಅವರಿಗೆ ಪ್ರೊಸ್ಟಗ್ಲ್ಯಾಂಡಿನ್ ಇ1 ಹನಿಸಿ ತೆರೆದಿಡುತ್ತಾರೆ. ಒಂದು ಔಷಧಿಗೆ ಮುಚ್ಚಿ ಇನ್ನೊಂದಕ್ಕೆ ತೆರೆಯುವ ತೂತು ಎಲ್ಲಾದರೂ ಉಂಟಾ? ತಾಯಿ ಗ್ರಹಣ ನೋಡಿದ್ದಕ್ಕೆ ಹೀಗಾಯಿತು ಅನ್ನುವುದನ್ನಂತೂ ದಯವಿಟ್ಟು ನಿಲ್ಲಿಸಿ. ಹೆತ್ತ ನೋವೇ ಆರದವಳ ಮೇಲೆ ಸುಮ್ನೆ ಇನ್ನೊಂದು ಹೊರೆ ಅದು.

ಮತ್ತೆ ಎಕೋ ಯಾವಾಗ ಎಂದು ಕೇಳಿಕೊಳ್ಳಿ. ಮಗು ಜೋರಾಗಿ ಉಸಿರಾಡಿದರೆ, ಹಾಲು ಕುಡಿಯುವಾಗ ಬೆವರಿದರೆ ಕಾಯಬೇಡಿ, ತೋರಿಸಿ. ತಾನಾಗಿ ಮುಚ್ಚದ ನಾಳವನ್ನು ಕ್ಯಾತಿಟರ್ (ರಕ್ತನಾಳದೊಳಗೆ ತೂರಿಸುವ ಸಣ್ಣ ಕೊಳವೆ) ಮೂಲಕವೂ ಮುಚ್ಚಬಹುದು.

ನೀವು ಕೇಳಿಲ್ಲ, ಆದರೂ ಒಂದು ಮಾತು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ಪ್ರೊಸ್ಟಗ್ಲ್ಯಾಂಡಿನ್ ತಯಾರಿಯನ್ನೇ ತಡೆಯುತ್ತವೆ. ಎಂಟನೇ ತಿಂಗಳಲ್ಲಿ ಸೊಂಟನೋವಿಗೆಂದು ನುಂಗಿದರೆ ಹೊಟ್ಟೆಯೊಳಗೇ ಈ ನಾಳ ಬಿಗಿಯಬಹುದು. 30 ವಾರದ ನಂತರ ಇವು ಬೇಡ. ಮಗುವಿನ ಮೂತ್ರಪಿಂಡಕ್ಕೆ ತೊಂದರೆಯಾಗಿ ಅದರ ಸುತ್ತಲಿನ ನೆತ್ತಿನೀರು ಕಡಿಮೆಯಾಗಬಹುದು ಎಂದು 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 20 ವಾರದಿಂದಲೇ ಎಚ್ಚರಿಸಿದೆ. ಗೊತ್ತಿಲ್ಲದೆ ನುಂಗಿದ್ದರೆ ಹೆದರದೆ ವೈದ್ಯರಿಗೆ ಹೇಳಿ. ನಿಲ್ಲಿಸಿದ ಮೇಲೆ ನಾಳ ಸಾಮಾನ್ಯವಾಗಿ ಮತ್ತೆ ಸಡಿಲವಾಗುತ್ತದೆ. ಬಸುರಿಯ ಬಿಪಿ ಏರದಿರಲೆಂದು ವೈದ್ಯರೇ ಬರೆದುಕೊಟ್ಟ ಸಣ್ಣ ಡೋಸಿನ ಆಸ್ಪಿರಿನ್ ಲೆಕ್ಕ ಬೇರೆ. ಇದನ್ನು ಓದಿ ಅದನ್ನು ನಿಲ್ಲಿಸಬೇಡಿ.