ಬೆಟ್ಟ ಇಳಿಯುವುದೇ ದೊಡ್ಡ ಕೆಲಸ

ಹಿರಿಯರ ಚಾರಣ ಬಳಗಕ್ಕೆ ಹೊಸದಾಗಿ ಸೇರುವವರು ಕೇಳುವ ಮೊದಲ ಪ್ರಶ್ನೆ, "ನನ್ನಿಂದ ಹತ್ತೋಕೆ ಆಗುತ್ತಾ?" ಇಳಿಯೋಕೆ ಆಗುತ್ತಾ ಎಂದು ಯಾರೂ ಕೇಳುವುದಿಲ್ಲ. ತುದಿ ಮುಟ್ಟಿದರೆ ಕೆಲಸ ಮುಗಿಯಿತು, ಆಮೇಲೆ ಕಾಲು ತಾನಾಗಿಯೇ ಸಾಗುತ್ತದೆ ಎನ್ನುವ ನಂಬಿಕೆ ಅಷ್ಟು ಗಟ್ಟಿಯಾಗಿ ಕೂತಿದೆ. ಆದರೆ ಮಂಡಿ ಹಿಡಿದುಕೊಳ್ಳುವುದು, ತೊಡೆ ನಡುಗುವುದು, ಕಾಲು ಜಾರುವುದು, ಎರಡು ದಿನ ಬಿಟ್ಟು ಮನೆಯ ಮೆಟ್ಟಿಲು ಇಳಿಯಲು ಗೋಡೆಗೆ ಆನಿಸಿಕೊಳ್ಳುವುದು ಎಲ್ಲವೂ ಹೆಚ್ಚಾಗಿ ಇಳಿಜಾರಿನ ಕೊಡುಗೆ.

ಒಂದು ಸರಳ ಲೆಕ್ಕ ನೋಡಿ. ಚೀಲವೂ ಸೇರಿ 75 ಕಿಲೋ ತೂಗುವವರು 600 ಮೀಟರ್ ಇಳಿದರೆ ಸುಮಾರು 440 ಕಿಲೋಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಸುಮಾರು 1.4 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು. ಕಾರಿನಲ್ಲಿ ಇಳಿದಿದ್ದರೆ ಈ ಶಕ್ತಿ ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತಿತ್ತು. ನಡೆದು ಇಳಿಯುವವರ ಬ್ರೇಕು ತೊಡೆಯ ಮುಂಭಾಗದ ಸ್ನಾಯು. ಒಂದೊಂದು ಹೆಜ್ಜೆಗೆ 20 ಸೆಂಟಿಮೀಟರ್ ಇಳಿಯುತ್ತೇವೆ ಎಂದುಕೊಂಡರೆ 3,000 ಹೆಜ್ಜೆ, ಅಂದರೆ ಒಂದೊಂದು ಕಾಲು 1,500 ಸಲ ಬ್ರೇಕ್ ಹಾಕಬೇಕು.

ಇಷ್ಟೆಲ್ಲ ಕೆಲಸ ನಡೆದರೂ ಏದುಸಿರು ಬರುವುದಿಲ್ಲ. ಇಳಿಜಾರಿನ ಮೋಸವೆಲ್ಲ ಇರುವುದು ಇಲ್ಲೇ.

1952ರಲ್ಲಿ ಇಂಗ್ಲೆಂಡಿನ ಅಬಟ್, ಬಿಗ್‌ಲ್ಯಾಂಡ್ ಮತ್ತು ರಿಚಿ ಎಂಬ ಮೂವರು ವಿಜ್ಞಾನಿಗಳು ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ ಒಂದೇ ಚೈನಿನಿಂದ ಜೋಡಿಸಿದರು. ಒಬ್ಬರು ಮುಂದಕ್ಕೆ ತುಳಿಯಬೇಕು. ಆ ತುಳಿತಕ್ಕೆ ಇನ್ನೊಬ್ಬರ ಪೆಡಲ್ ಹಿಂದಕ್ಕೆ ತಿರುಗುತ್ತದೆ, ಅವರು ಅದನ್ನು ಕಾಲಿನಿಂದ ತಡೆಯುತ್ತಿರಬೇಕು. ಇಬ್ಬರ ಬಲವೂ ಒಂದೇ, ವೇಗವೂ ಒಂದೇ. ವ್ಯತ್ಯಾಸ ಇಷ್ಟೇ: ತುಳಿಯುವವರ ಸ್ನಾಯು ಕುಗ್ಗುತ್ತ ಎಳೆಯುತ್ತದೆ, ತಡೆಯುವವರ ಸ್ನಾಯು ಹಿಗ್ಗುತ್ತ ಎಳೆಯುತ್ತದೆ. ಇಬ್ಬರೂ ಬಳಸಿದ ಆಮ್ಲಜನಕವನ್ನು ಅಳೆದು ನೋಡಿದರೆ, ತುಳಿಯುವವರಿಗೆ ತಡೆಯುವವರಿಗಿಂತ ಹಲವು ಪಟ್ಟು ಹೆಚ್ಚು ಬೇಕಾಗಿತ್ತು. ವೇಗ ಹೆಚ್ಚಿಸಿದಂತೆಲ್ಲ ಈ ಅಂತರವೂ ಹೆಚ್ಚಿತು. ಇದನ್ನು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ತೋರಿಸಿದಾಗ ಮೈಕಟ್ಟಿನಲ್ಲಿ ಚಿಕ್ಕವರಾದ ಯುವತಿಯೊಬ್ಬರು ಸಲೀಸಾಗಿ ತಡೆಯುತ್ತ ಕೂತರೆ, ಎದುರು ತುಳಿಯುತ್ತಿದ್ದ ಯುವಕ ಬೇಗನೆ ಸುಸ್ತಾದನಂತೆ.

ಬೆಟ್ಟ ಹತ್ತುವವರು ಆ ಯುವಕನ ಜಾಗದಲ್ಲಿರುತ್ತಾರೆ, ಇಳಿಯುವವರು ಆ ಯುವತಿಯ ಜಾಗದಲ್ಲಿ. ಇದು ಹೇಗೆ ಸಾಧ್ಯ?

ಬಾವಿಗೆ ಕೊಡ ಇಳಿಸುವುದನ್ನು ನೆನಪಿಸಿಕೊಳ್ಳಿ. ತುಂಬಿದ ಕೊಡವನ್ನು ಮೇಲೆಳೆಯಲು ಕೈ ಬದಲಿಸಿ ಬದಲಿಸಿ ಎಳೆಯಬೇಕು. ಅದೇ ತೂಕವನ್ನು ಕೆಳಗೆ ಬಿಡುವಾಗ ಹಗ್ಗವನ್ನು ಬಿಗಿಯಾಗಿ ಹಿಡಿದು ಸ್ವಲ್ಪ ಸ್ವಲ್ಪವೇ ಜಾರಲು ಬಿಟ್ಟರಾಯಿತು. ದಣಿವು ಕಡಿಮೆ, ಆದರೆ ಅಂಗೈ ಉರಿಯುತ್ತದೆ. ಸ್ನಾಯುವಿನೊಳಗೂ ಹೆಚ್ಚು ಕಡಿಮೆ ಇದೇ ನಡೆಯುವುದು. ಅಲ್ಲಿ ಆಕ್ಟಿನ್, ಮಯೋಸಿನ್ ಎಂಬ ಪ್ರೋಟೀನ್ ಎಳೆಗಳು ಒಂದರ ಪಕ್ಕ ಒಂದು ಇವೆ. ಮಯೋಸಿನ್ನಿನ ಮೈತುಂಬ ಪುಟ್ಟ ಕೊಕ್ಕೆಗಳು. ಸ್ನಾಯು ಕುಗ್ಗುವಾಗ ಕೊಕ್ಕೆ ಆಕ್ಟಿನ್ನನ್ನು ಹಿಡಿಯುತ್ತದೆ, ಎಳೆಯುತ್ತದೆ, ಬಿಡುತ್ತದೆ. ಹೀಗೆ ಪ್ರತಿಸಲ ಬಿಡಿಸಿಕೊಳ್ಳಲೂ ಜೀವಕೋಶದ ಇಂಧನವಾದ ಎಟಿಪಿಯ ಒಂದು ಅಣು ಖರ್ಚಾಗುತ್ತದೆ. ಆ ಎಟಿಪಿಯನ್ನು ಮತ್ತೆ ತಯಾರಿಸಲಿಕ್ಕೇ ಆಮ್ಲಜನಕ ಬೇಕು, ಏದುಸಿರು ಬರುವುದು ಅದಕ್ಕೇ. ಇಳಿಯುವಾಗ ಹಾಗಲ್ಲ. ಹಿಡಿದ ಕೊಕ್ಕೆಯನ್ನು ದೇಹದ ತೂಕವೇ ಎಳೆದು ಕಿತ್ತುಹಾಕುತ್ತದೆ, ಚಪ್ಪಲಿಯ ವೆಲ್ಕ್ರೋ ಪಟ್ಟಿಯನ್ನು ಪರ‍್ರನೆ ಕಿತ್ತ ಹಾಗೆ. ಕಿತ್ತುಬಂದ ಕೊಕ್ಕೆಗೆ ಬಿಡಿಸಿಕೊಳ್ಳುವ ಖರ್ಚಿಲ್ಲ, ಅದು ತಕ್ಷಣ ಮತ್ತೊಂದು ಕಡೆ ಹಿಡಿದುಕೊಳ್ಳುತ್ತದೆ. ಇದರ ಜೊತೆಗೆ ಟೈಟಿನ್ ಎಂಬ ಮೂರನೆಯ ಪ್ರೋಟೀನು ಸ್ಪ್ರಿಂಗಿನಂತೆ ಬಿಗಿದು ಭಾರದ ಒಂದು ಪಾಲನ್ನು ಹೊರುತ್ತದೆ. ನಮ್ಮ ದೇಹದ ಅತಿ ದೊಡ್ಡ ಪ್ರೋಟೀನು ಇದೇ.

ಸ್ನಾಯುವಿನ ಒಂದೊಂದು ಎಳೆಗೂ ಹಿಗ್ಗುವಾಗ ಇಷ್ಟು ಬಲವಿರುವುದರಿಂದ ಮಿದುಳು ಇಳಿಯುವ ಕೆಲಸಕ್ಕೆ ಕಡಿಮೆ ಎಳೆಗಳನ್ನು ಕರೆಯುತ್ತದೆ. ಹತ್ತು ಜನ ಎತ್ತಬೇಕಾದ ದಿಮ್ಮಿಯನ್ನು ನಾಲ್ಕು ಜನ ಹೊತ್ತ ಹಾಗೆ. ಊಟದ ಖರ್ಚು ಉಳಿಯಿತು, ಹೆಗಲು ಮಾತ್ರ ಕಂದಿತು. ಎಳೆಗಳ ದುರ್ಬಲ ತುಣುಕುಗಳು ಮಿತಿಮೀರಿ ಹಿಗ್ಗಿ ಸೂಕ್ಷ್ಮವಾಗಿ ಹರಿಯುತ್ತವೆ. ಅದನ್ನು ಸರಿಪಡಿಸಲು ದೇಹ ಉರಿಯೂತದ ಕಣಗಳನ್ನು ಕಳಿಸುವುದಕ್ಕೆ ಹೊತ್ತು ಹಿಡಿಯುತ್ತದೆ. ನೋವು ಅಂದೇ ಕಾಣಿಸಿಕೊಳ್ಳದೆ 24ರಿಂದ 72 ಗಂಟೆಗಳ ನಡುವೆ ಮೇಲೇರುವುದು ಇದರಿಂದಲೇ.

"ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡಿದೆ, ಉಜ್ಜಿ ಕರಗಿಸಿ" ಎನ್ನುವವರು ಇವತ್ತಿಗೂ ಎಲ್ಲೆಡೆ ಸಿಗುತ್ತಾರೆ. ಈ ಮಾತನ್ನು ಇನ್ನಾದರೂ ಬಿಡಬೇಕು. ವ್ಯಾಯಾಮದಲ್ಲಿ ಹೆಚ್ಚಿದ ಲ್ಯಾಕ್ಟೇಟು (ಆ ಆಮ್ಲ ರಕ್ತದಲ್ಲಿರುವ ರೂಪ) ಒಂದೆರಡು ಗಂಟೆಯಲ್ಲಿ ರಕ್ತದಿಂದ ಖಾಲಿಯಾಗುತ್ತದೆ, ಎರಡನೆಯ ದಿನದ ನೋವಿಗೆ ಅದು ಉಳಿದೇ ಇರುವುದಿಲ್ಲ. ಅಷ್ಟಕ್ಕೂ ಲ್ಯಾಕ್ಟೇಟು ಹೆಚ್ಚುವುದು ಹತ್ತುವಾಗ, ನೋವು ಬರುವುದು ಇಳಿದದ್ದಕ್ಕೆ. ಅಮೆರಿಕದ ಥಿಯೊಡೋರ್ ಹಫ್ 1902ರಷ್ಟು ಹಿಂದೆಯೇ ಈ ತಡವಾದ ನೋವಿನ ಮೂಲ ಸ್ನಾಯು ಒಳಗೊಳಗೇ ಹರಿದುಹೋಗುವುದೇ ಇರಬೇಕೆಂದು ಊಹಿಸಿದ್ದರು. ನೂರು ವರ್ಷ ಕಳೆದರೂ ಆಮ್ಲದ ಕಥೆ ಸಾಯಲಿಲ್ಲ.

ಹಿರಿಯರ ಪಾಲಿಗೆ ಇದರಲ್ಲೊಂದು ಸಂತೋಷದ ಸಂಗತಿಯಿದೆ. ವಯಸ್ಸಾದಂತೆ ಸ್ನಾಯುಬಲ ಕುಂದುತ್ತದೆ, ನಿಜ. ಆದರೆ ಕುಗ್ಗುತ್ತ ಎಳೆಯುವ ಬಲ ಕುಂದಿದಷ್ಟು ಹಿಗ್ಗುತ್ತ ತಡೆಯುವ ಬಲ ಕುಂದುವುದಿಲ್ಲ. ಹೃದಯಕ್ಕೆ ಹೆಚ್ಚು ಹೊರೆಯಾಗದೆ ಸ್ನಾಯುವಿಗೆ ಭರ್ಜರಿ ಕಸರತ್ತು ಸಿಗುವ ಜಾಗವೆಂದರೆ ಇಳಿಜಾರು. ಆಸ್ಟ್ರಿಯದ ಆಲ್ಪ್ಸ್‌ನಲ್ಲಿ ನಡೆದ ಅಧ್ಯಯನವೊಂದರಲ್ಲಿ ಜನ ಕೆಲವು ವಾರ ನಡೆದು ಹತ್ತಿ ಕೇಬಲ್ ಕಾರಿನಲ್ಲಿ ಇಳಿದರು, ಇನ್ನು ಕೆಲವು ವಾರ ಕೇಬಲ್ ಕಾರಿನಲ್ಲಿ ಹತ್ತಿ ನಡೆದು ಇಳಿದರು. ಹತ್ತಿದ್ದು ರಕ್ತದಲ್ಲಿನ ಟ್ರೈಗ್ಲಿಸರೈಡು ಎಂಬ ಕೊಬ್ಬನ್ನು ತಗ್ಗಿಸಿತು, ಇಳಿದದ್ದು ದೇಹ ಸಕ್ಕರೆಯನ್ನು ನಿಭಾಯಿಸುವ ಬಗೆಯನ್ನು ಸುಧಾರಿಸಿತು. ಬರೀ ಇಳಿಯುವುದೂ ಮದ್ದೇ.

ತೊಂದರೆ ಇರುವುದು ಎಚ್ಚರಿಕೆಯ ಗಂಟೆಯಲ್ಲಿ. ಹತ್ತುವಾಗ ಉಸಿರೇ ಗಂಟೆ. ಪೂರ್ತಿ ವಾಕ್ಯ ಆಡಲು ಬರುತ್ತಿದ್ದರೆ ವೇಗ ಸರಿ, ಎರಡೆರಡೇ ಪದ ಬರುತ್ತಿದ್ದರೆ ನಿಧಾನಿಸಬೇಕು. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಡಿ ಅಷ್ಟಾಗಿ ಏರುವುದಿಲ್ಲವಾದ್ದರಿಂದ ಕೈಗಡಿಯಾರದ ಅಂಕಿಗಿಂತ ಈ ಮಾತಿನ ಪರೀಕ್ಷೆಯೇ ನಂಬಿಕಸ್ಥ. ಎದೆ ಬಿಗಿತ, ತಲೆಸುತ್ತು ಬಂದರೆ ಅಲ್ಲಿಗೆ ನಿಲ್ಲಬೇಕು, ಅದರಲ್ಲಿ ಚರ್ಚೆಯಿಲ್ಲ. ಇಳಿಯುವಾಗ ಈ ಗಂಟೆ ಬಾರಿಸುವುದೇ ಇಲ್ಲ. ಹರಟುತ್ತ, ನಗುತ್ತ, ವೇಗ ಏರಿಸುತ್ತ ಹೋಗಬಹುದು. ಅಷ್ಟರಲ್ಲಿ ತೊಡೆಯ ಬಲ ಅರಿವಿಗೆ ಬಾರದಂತೆ ಇಳಿದಿರುತ್ತದೆ. ಹೀಗೆ ದಣಿದ ಸ್ನಾಯು ಮಂಡಿ ಎಷ್ಟು ಮಡಿಸಿದೆ ಎಂಬ ಸುದ್ದಿಯನ್ನೂ ಮಿದುಳಿಗೆ ತಪ್ಪಾಗಿ ಕಳಿಸುತ್ತದೆ. ಕೊನೆಯ ಕಾಲುಗಂಟೆಯ ಸುಲಭ ದಾರಿಯಲ್ಲಿ ಬೀಳುವುದು ಹೀಗೆ. ಆದ್ದರಿಂದ ಉಸಿರು ಮಾಡದ ಕೆಲಸವನ್ನು ಗುಂಪಿನ ನಿಯಮ ಮಾಡಬೇಕು: 20 ನಿಮಿಷಕ್ಕೊಮ್ಮೆ, ಯಾರಿಗೆ ಬೇಕೋ ಬೇಡವೋ, ಎಲ್ಲರೂ ನಿಲ್ಲಬೇಕು. ತೊಡೆ ನಡುಗುತ್ತಿದೆಯೇ ಎಂದು ಒಬ್ಬೊಬ್ಬರನ್ನೂ ಕೇಳಬೇಕು.

ಗುಂಪಿಗೆ ತನ್ನದೇ ಒಂದು ಭೌತಶಾಸ್ತ್ರ ಇದೆ. ಹದಿನಾಲ್ಕು ಜನರ ಸಾಲು ಎತ್ತರದ ಬಂಡೆಯೊಂದಕ್ಕೆ ಬಂತು, ಅದನ್ನು ಇಳಿಯಲು ತಲಾ 20 ಸೆಕೆಂಡ್ ಬೇಕು ಎನ್ನಿ. ಮೊದಲಿನವರು ಇಳಿದು ನಡೆಯತೊಡಗಿದರೆ ಕೊನೆಯವರು ಇಳಿಯುವ ಹೊತ್ತಿಗೆ ನಾಲ್ಕು ನಿಮಿಷಕ್ಕೂ ಹೆಚ್ಚು ಹಿಂದೆ ಬಿದ್ದಿರುತ್ತಾರೆ. ಅವರು ಓಡೋಡಿ ಬರುತ್ತಾರೆ, ಅದೂ ಇಳಿಜಾರಿನಲ್ಲಿ. ಸೇರಿಕೊಂಡ ಕ್ಷಣಕ್ಕೆ ವಿಶ್ರಾಂತಿ ಮುಗಿಸಿದ ಮುಂದಿನವರು ಎದ್ದು ಹೊರಡುತ್ತಾರೆ. ಹೀಗಾಗಿ ಎಲ್ಲರಿಗಿಂತ ನಿಧಾನದವರಿಗೆ ಎಲ್ಲರಿಗಿಂತ ಕಡಿಮೆ ವಿಶ್ರಾಂತಿ. ಇದು ಯಾರ ಕೆಟ್ಟತನವೂ ಅಲ್ಲ, ಸಾಲಿನ ಗುಣ. ನಿಧಾನ ನಡೆಯುವವರನ್ನು ಮುಂದಾಳುವಿನ ಬೆನ್ನಿಗೇ, ಎರಡನೆಯವರಾಗಿ ನಡೆಸಬೇಕು. ಕೊನೆಯಲ್ಲಿ ದಾರಿ ಬಲ್ಲ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಹೊತ್ತ ಒಬ್ಬರು ಇರಬೇಕು, ಅವರ ಹಿಂದೆ ಯಾರೂ ಉಳಿಯಕೂಡದು. ಕಷ್ಟದ ಜಾಗ ದಾಟಿದ ಮೇಲೆ "ಎಲ್ಲರೂ ಇಳಿದೆವು" ಎಂಬ ಕೂಗು ಹಿಂದಿನಿಂದ ಬರುವವರೆಗೆ ಮುಂದಾಳು ಕದಲಬಾರದು. ವಿಶ್ರಾಂತಿಯ ಗಡಿಯಾರ ಶುರುವಾಗುವುದು ಕೊನೆಯವರು ಕೂತ ಮೇಲೆ.

ಹೊತ್ತಿನ ಲೆಕ್ಕದಲ್ಲೂ ಇಳಿಜಾರು ಕಳೆದುಹೋಗಿದೆ. ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಮೂರು ಮೈಲಿಗೆ ಒಂದು ಗಂಟೆ, 2,000 ಅಡಿ ಏರಿಗೆ ಇನ್ನೊಂದು ಗಂಟೆ. ನಮ್ಮ ಲೆಕ್ಕದಲ್ಲಿ ಸುಮಾರು 5 ಕಿಲೋಮೀಟರಿಗೆ ಒಂದು, 600 ಮೀಟರ್ ಏರಿಗೆ ಒಂದು. ಇಳಿಯುವುದಕ್ಕೆ ಅದರಲ್ಲಿ ಏನೂ ಇಲ್ಲ. ಮುಂದೆ ಪರ್ವತಾರೋಹಿ ಎರಿಕ್ ಲ್ಯಾಂಗ್‌ಮ್ಯೂರ್ ಅದನ್ನು ತಿದ್ದಿದರು: ಸೌಮ್ಯ ಇಳಿಜಾರಾದರೆ ಪ್ರತಿ 300 ಮೀಟರ್ ಇಳಿತಕ್ಕೆ 10 ನಿಮಿಷ ಕಳೆಯಿರಿ, 12 ಡಿಗ್ರಿಗಿಂತ ಕಡಿದಾದರೆ 10 ನಿಮಿಷ ಕೂಡಿಸಿ. ಇದು ಶರೀರವಿಜ್ಞಾನಕ್ಕೂ ಹೊಂದುತ್ತದೆ. ನಡಿಗೆಯ ಖರ್ಚು ಅತಿ ಕಡಿಮೆ ಇರುವುದು ನೂರು ಮೀಟರಿಗೆ ಹತ್ತು ಮೀಟರ್ ಇಳಿಯುವ ದಾರಿಯಲ್ಲಿ ಎಂದು ಇಟಲಿಯ ರೊಡಾಲ್ಫೊ ಮಾರ್ಗಾರಿಯಾ 1938ರಲ್ಲೇ ಅಳೆದಿದ್ದರು, ಅದಕ್ಕಿಂತ ಕಡಿದಾದರೆ ಖರ್ಚು ಮತ್ತೆ ಏರುತ್ತದೆ. ಎರಡೂವರೆ ಕಿಲೋಮೀಟರಿನಲ್ಲಿ 600 ಮೀಟರ್ ಏರುವ ದಾರಿಗೆ ನೇಸ್ಮಿತ್ ಲೆಕ್ಕ ಒಂದೂವರೆ ಗಂಟೆ. ಹಿರಿಯರ ಗುಂಪು ಅದನ್ನು ಒಂದೂವರೆ ಪಟ್ಟು ಮಾಡಿ ಎರಡೂಕಾಲು ಗಂಟೆ ಇಟ್ಟುಕೊಳ್ಳಲಿ, ಇಳಿಯಲಿಕ್ಕೂ ಅಷ್ಟೇ ಇಟ್ಟುಕೊಳ್ಳಲಿ. ಬೇಗ ಮುಗಿದರೆ ನಷ್ಟವಿಲ್ಲ, ಕತ್ತಲಾದರೆ ಇದೆ. ಹಿಂತಿರುಗುವ ಹೊತ್ತನ್ನು ಹೊರಡುವ ಮೊದಲೇ ಎಲ್ಲರೆದುರು ಹೇಳಿಬಿಡಬೇಕು, ತುದಿ ಕಣ್ಣೆದುರೇ ಇದ್ದರೂ ಆ ಹೊತ್ತಿಗೆ ತಿರುಗಬೇಕು.

ಇನ್ನು ಹೆಜ್ಜೆ. ಹೆಜ್ಜೆ ಚಿಕ್ಕದಾಗಿರಲಿ, ಮಂಡಿ ತುಸು ಬಾಗಿರಲಿ. ನೇರ ಕಾಲನ್ನು ಧಡ್ಡನೆ ಊರಿದರೆ ತಡೆಯುವ ಸ್ನಾಯುವಿಗೆ ಅವಕಾಶವೇ ಸಿಗದೆ ಪೆಟ್ಟು ಕೀಲಿಗೆ ಹೋಗುತ್ತದೆ. ಭಯದಿಂದ ಹಿಂದಕ್ಕೆ ವಾಲುವುದು ಸಹಜ, ಆದರೆ ಆಗ ಹಿಮ್ಮಡಿ ಮುಂದಕ್ಕೆ ಜಾರುತ್ತದೆ. ಮೈಭಾರ ಪಾದದ ನೇರಕ್ಕೆ ಇರಬೇಕು. ಎತ್ತರದ ಮೆಟ್ಟಿಲನ್ನು ಅಡ್ಡ ತಿರುಗಿ ಇಳಿಯಿರಿ. ಒಂದು ಮಂಡಿ ನೋಯುತ್ತಿದ್ದರೆ ಇಳಿಯುವಾಗ ಅದನ್ನೇ ಮೊದಲು ಕೆಳಗಿಡಿ, ಏಕೆಂದರೆ ಬ್ರೇಕ್ ಹಾಕುವುದು ಮೇಲೆ ಉಳಿದ ಕಾಲು.

ಕೋಲುಗಳು ಎರಡಿರಲಿ. ಸಮತಟ್ಟಿನಲ್ಲಿ ಮೊಣಕೈ ತೊಂಬತ್ತು ಡಿಗ್ರಿ ಮಡಿಯುವಷ್ಟು ಉದ್ದ ಸರಿ, ಇಳಿಯುವ ಮುಂಚೆ 5ರಿಂದ 10 ಸೆಂಟಿಮೀಟರ್ ಉದ್ದ ಮಾಡಿಕೊಳ್ಳಿ. ಕೋಲನ್ನು ಕಾಲಿಗಿಂತ ಮೊದಲು, ಕೆಳಗಿನ ಹಂತದಲ್ಲಿ ಊರಿದರೆ ಮಾತ್ರ ಮಂಡಿಯ ಭಾರ ತಗ್ಗುತ್ತದೆ. ಪಕ್ಕದಲ್ಲಿ ಎಳೆದುಕೊಂಡು ಹೋಗುವ ಕೋಲು ಅಲಂಕಾರವಷ್ಟೇ. ಬಿಗಿ ತಿರುಪು ಸಡಿಲವಿದ್ದರೆ ಭಾರ ಬಿದ್ದೊಡನೆ ಕೋಲು ತನ್ನೊಳಗೇ ಇಳಿದು ಆಳು ಮುಗ್ಗರಿಸುತ್ತಾರೆ, ಆದ್ದರಿಂದ ಉದ್ದ ಬದಲಿಸಿದಾಗೆಲ್ಲ ಒಮ್ಮೆ ಮೈಭಾರ ಹಾಕಿ ಒತ್ತಿ ನೋಡಬೇಕು. ಶೂ ಲೇಸನ್ನು ತುದಿಯಲ್ಲೇ ಮತ್ತೆ ಬಿಗಿಯಿರಿ. ಹಿಮ್ಮಡಿ ಸರಿಯಾಗಿ ಕೂರದಿದ್ದರೆ ಪ್ರತಿ ಹೆಜ್ಜೆಗೂ ಹೆಬ್ಬೆರಳಿನ ಉಗುರು ಶೂವಿನ ಮೂತಿಗೆ ಬಡಿದು ಸಂಜೆಗೆ ಕಪ್ಪಾಗುತ್ತದೆ.

ಹೆಚ್ಚಿನವರು ಲಕ್ಷ್ಯ ಕೊಡದ ವಸ್ತುವೊಂದಿದೆ, ಕನ್ನಡಕ. ಓದುವುದಕ್ಕೂ ದೂರಕ್ಕೂ ಒಂದೇ ಗಾಜಿರುವ ಕನ್ನಡಕದ ಕೆಳಭಾಗ ಅರ್ಧ ಮೀಟರಿನೊಳಗಿನ ಅಕ್ಷರಗಳಿಗಾಗಿ ರೂಪಿಸಿದ್ದು. ಇಳಿಯುವಾಗ ನಾವು ಒಂದೂವರೆ ಎರಡು ಮೀಟರ್ ದೂರದ ಕಲ್ಲನ್ನು ಆ ಕೆಳಭಾಗದಿಂದಲೇ ನೋಡುತ್ತೇವೆ. ಕಲ್ಲಿನ ಅಂಚು ಮಸುಕು, ಆಳದ ಅಂದಾಜು ತಪ್ಪು. ಚಾರಣಕ್ಕೆಂದೇ ಬರೀ ದೂರದ ಗಾಜಿನ ಕನ್ನಡಕವೊಂದನ್ನು ಮಾಡಿಸಿಕೊಂಡರೆ ಇದು ತಪ್ಪುತ್ತದೆ.

ಮುಂಚಿತವಾಗಿ ನೋವಿನ ಮಾತ್ರೆ ನುಂಗಿ ಹೊರಡುವ ರೂಢಿ ಬೇಡ. ಹಿರಿಯರಲ್ಲಿ ಬಾಯಾರಿಕೆಯ ಅರಿವು ಮಂದ. ನೀರು ಕಡಿಮೆಯಾದ ಮೈಯಲ್ಲಿ ಐಬುಪ್ರೊಫೆನ್‌ನಂಥ ಮಾತ್ರೆ ಮೂತ್ರಪಿಂಡಕ್ಕೆ ಪೆಟ್ಟು. ನೋವಿನ ಜೊತೆ ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿದರೆ ಅದು ಸ್ನಾಯು ಒಡೆದದ್ದರ ಗುರುತು, ಅಂದೇ ಆಸ್ಪತ್ರೆಗೆ ಹೋಗಬೇಕು.

ನಿಜವಾದ ಮದ್ದು ಅಭ್ಯಾಸ. ಒಮ್ಮೆ ಇಳಿಜಾರಿನ ಪೆಟ್ಟು ತಿಂದ ಸ್ನಾಯು ಮುಂದಿನ ಕೆಲವು ವಾರ ಅದೇ ಪೆಟ್ಟಿಗೆ ಅಷ್ಟು ನೋಯುವುದಿಲ್ಲ. ಮನೆಯಲ್ಲಿ 15 ಸೆಂಟಿಮೀಟರ್ ಎತ್ತರದ ಮೆಟ್ಟಿಲ ಮೇಲೆ, ಕಂಬಿ ಹಿಡಿದು ನಿಲ್ಲಿ. ಒಂದು ಕಾಲನ್ನು ಗಾಳಿಯಲ್ಲಿ ಮುಂದೆ ಚಾಚಿ, ನಿಂತ ಕಾಲಿನ ಮಂಡಿಯನ್ನು ಮೂರು ಎಣಿಸುವಷ್ಟು ನಿಧಾನವಾಗಿ ಬಗ್ಗಿಸುತ್ತ ಚಾಚಿದ ಹಿಮ್ಮಡಿಯನ್ನು ನೆಲಕ್ಕೆ ತಾಗಿಸಿ. ಎರಡೂ ಕಾಲು ಬಳಸಿ ಮೇಲೆ ಬನ್ನಿ. ಒಂದೊಂದು ಕಾಲಿಗೆ ಎಂಟು ಸಲ, ವಾರಕ್ಕೆ ಎರಡು ದಿನ. ಮೊದಲ ವಾರ ಎಂಟಕ್ಕೇ ನಿಲ್ಲಿಸಿ, ಎರಡನೆಯ ವಾರದಿಂದ ಎರಡು ಸುತ್ತು. ಮಂಡಿ ಒಳಕ್ಕೆ ವಾಲಿದರೆ ಮೆಟ್ಟಿಲು ನಿಮಗೆ ಎತ್ತರವಾಯಿತು ಎಂದರ್ಥ. ನಾಲ್ಕು ವಾರದ ಬಳಿಕ 200 ಮೀಟರ್ ಇಳಿತದ ಗುಡ್ಡ, ಅದಾಗಿ ಎರಡು ವಾರಕ್ಕೆ 350, ಮತ್ತೆರಡು ವಾರಕ್ಕೆ 500. ನಡುವೆ ಎರಡು ತಿಂಗಳು ಬಿಟ್ಟರೆ ಮತ್ತೆ 200 ಮೀಟರಿನಿಂದ ಶುರುಮಾಡಿ.