ಪದ ಪರಿಚಯ: ಪಲ್ಸ್ ಡಿಲೇ

ಶೇಂಗಾ ಕೀಳುವಾಗ ಅತ್ತಿಗೆಯ ಬಂಗಾರದ ಓಲೆಯ ತಿರುಪು ಹೊಲದಲ್ಲಿ ಬಿದ್ದುಹೋಯಿತು. ಚಳ್ಳಕೆರೆ ಕಡೆಯ ಹೊಲ ಅದು. ನಾನೇ ಕಟ್ಟಿದ ಮೆಟಲ್ ಡಿಟೆಕ್ಟರ್ ತಗೊಂಡು ಹೋದೆ. ಗೇಣುದ್ದ ಆಳದಲ್ಲಿದ್ದ ನೇಗಿಲ ಗುಳದ ಚೂರು ಸಿಕ್ಕಿತು, ತಿರುಪು ಸಿಗಲಿಲ್ಲ. "ಅಷ್ಟು ಕೆಳಗಿದ್ದ ಕಬ್ಬಿಣ ಸಿಗುತ್ತೆ, ಮೇಲೇ ಬಿದ್ದಿರೋ ಬಂಗಾರ ಯಾಕೋ ಸಿಗಲ್ಲ?" ಅಂದರು ಅತ್ತಿಗೆ. ಸರಿಯಾದ ಪ್ರಶ್ನೆ. ಉತ್ತರ ಇರುವುದು ಪಲ್ಸ್ ಡಿಲೇಯಲ್ಲಿ.

ನನ್ನದು ಪಲ್ಸ್ ಇಂಡಕ್ಷನ್ ಡಿಟೆಕ್ಟರ್. ಕಾಯಿಲ್‌ಗೆ (ತಂತಿಯ ಸುರುಳಿಗೆ) ಒಂದಿಷ್ಟೇ ಹೊತ್ತು ಕರೆಂಟ್ ಕೊಟ್ಟು ತಟ್ಟನೆ ನಿಲ್ಲಿಸುತ್ತದೆ. ಆ ಏಟಿಗೆ ಮಣ್ಣೊಳಗಿನ ಲೋಹದಲ್ಲಿ ಸುಳಿ ಕರೆಂಟ್ ಹುಟ್ಟಿ ನಿಧಾನವಾಗಿ ಆರುತ್ತದೆ, ಗುಡಿಯ ಗಂಟೆ ಬಾರಿಸಿದ ಮೇಲೆ ಉಳಿಯುವ ನಾದದ ಹಾಗೆ. ಗುಳದಂಥ ದಪ್ಪ ಲೋಹ ದೊಡ್ಡ ಗಂಟೆ, ತುಂಬಾ ಹೊತ್ತು ಗುಂಯ್‌ಗುಡುತ್ತದೆ. ತಿರುಪು ಗೆಜ್ಜೆಯ ಮಣಿ, ಕೆಲವೇ ಮೈಕ್ರೊಸೆಕೆಂಡಿನಲ್ಲಿ (ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ಮೈಕ್ರೊಸೆಕೆಂಡ್) ಸುಮ್ಮನಾಗುತ್ತದೆ. ಕರೆಂಟ್ ನಿಂತಾಗಿನಿಂದ ಸರ್ಕ್ಯೂಟ್ ಕಿವಿಗೊಡುವ ತನಕ ಕಾಯುವ ಹೊತ್ತೇ ಪಲ್ಸ್ ಡಿಲೇ. ನನ್ನದು 25 ಮೈಕ್ರೊಸೆಕೆಂಡ್ ಇತ್ತು. ಅಷ್ಟರಲ್ಲಿ ತಿರುಪಿನ ಸದ್ದು ಮುಗಿದಿರುತ್ತದೆ ಅಲ್ವಾ?

ಹಾಗಾದರೆ ಬೇಗ ಕೇಳಬಹುದಲ್ಲ ಅನ್ನಿಸುತ್ತದೆ, ಆದರೆ ಕರೆಂಟ್ ಕಡಿದ ಕೂಡಲೇ ಕಾಯಿಲ್‌ನಲ್ಲೇ ನೂರಾರು ವೋಲ್ಟ್ ಚಿಮ್ಮುತ್ತದೆ, ಅದು ಅಡಗುವ ತನಕ ಬೇರೇನೂ ಕೇಳಿಸುವುದಿಲ್ಲ. ಅದನ್ನು ಬೇಗ ಅಡಗಿಸುವುದೇ ಕಟ್ಟುವವರ ನಿಜವಾದ ಕೆಲಸ. ಟೆಫ್ಲಾನ್ ಹೊದಿಕೆಯ ತಂತಿ ಸುತ್ತಿದೆ. ಹೊರಗಿನ ವಿದ್ಯುತ್ ಗದ್ದಲ ತಡೆಯುವ ಶೀಲ್ಡ್‌ಗೂ ತಂತಿಗೂ ನಡುವೆ ಸಂದು ಬಿಟ್ಟೆ. ಕೇಬಲ್ ಮೋಟು ಮಾಡಿದೆ. ಆ ಚಿಮ್ಮುವಿಕೆಯನ್ನು ಅಡಗಿಸುವ ಡ್ಯಾಂಪಿಂಗ್ ರೆಸಿಸ್ಟರನ್ನು ಒಂದೊಂದಾಗಿ ಬದಲಿಸಿ ನೋಡಿ ಡಿಲೇಯನ್ನು 12 ಮೈಕ್ರೊಸೆಕೆಂಡಿಗೆ ತಂದೆ.

ಪವರ್ ಜಾಸ್ತಿ ಕೊಟ್ಟರೆ ಆಳ ಸಿಗುತ್ತೆ ಅಂತ ಬಹಳ ಜನ ನಂಬಿದ್ದಾರೆ, ಆದರೆ ಅದರಿಂದ ಸಿಗುವುದು ಸ್ವಲ್ಪವೇ. ಸಣ್ಣ ವಸ್ತು ಕಾಯಿಲ್‌ನ ಅಗಲಕ್ಕಿಂತ ದೂರ ಹೋದ ಮೇಲೆ, ದೂರ ಎರಡು ಪಟ್ಟಾದರೆ ಸಿಗ್ನಲ್ ಸುಮಾರು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹೋಗುವಾಗ ಎಂಟು ಪಟ್ಟು ನಷ್ಟ, ಬರುವಾಗ ಇನ್ನೆಂಟು. ಬರೀ ಪಲ್ಸ್‌ಗಳ ಸರಾಸರಿ ತೆಗೆದು ಇದನ್ನು ತುಂಬಿಸಿಕೊಳ್ಳಲು ಒಂದರ ಬದಲು 4096 (64×64) ಪಲ್ಸ್ ಬೇಕು, ಯಾಕೆಂದರೆ ಸರಾಸರಿಯಲ್ಲಿ ಅಡ್ಡ ಸದ್ದು ಪಲ್ಸ್ ಸಂಖ್ಯೆಯ ವರ್ಗಮೂಲದಷ್ಟೇ ತಗ್ಗುತ್ತದೆ. ಸೆಕೆಂಡಿಗೆ ಸಾವಿರ ಪಲ್ಸ್ ಆದರೂ ಒಂದೇ ಜಾಗದಲ್ಲಿ ನಾಲ್ಕು ಸೆಕೆಂಡ್ ನಿಲ್ಲಬೇಕು.

ಡಿಲೇ ಇಳಿಸಿದರೆ ಕಬ್ಬಿಣದಂಶದ ಕೆಂಪು ಮಣ್ಣು ತಾನೇ ಸದ್ದು ಮಾಡುತ್ತದೆ. ಅದಕ್ಕೆ ಸ್ವಲ್ಪ ತಡವಾಗಿ ಇನ್ನೊಂದು ಸಲ ಕೇಳಿ, ಮಣ್ಣಿನ ಪಾಲು ಲೆಕ್ಕ ಹಾಕಿ ಮೊದಲನೆಯದರಿಂದ ಕಳೆಯಬೇಕು. ಇದು ಗ್ರೌಂಡ್ ಬ್ಯಾಲೆನ್ಸ್.

ಒಂದು ಮಾತು. ಇದನ್ನು ಹಿಡಿದು ನಿಧಿ ಹುಡುಕಲು ಚಿತ್ರದುರ್ಗದ ಕೋಟೆಗೋ ಚಂದ್ರವಳ್ಳಿಯ ಪುರಾತನ ತಾಣಕ್ಕೋ ದಯವಿಟ್ಟು ಹೋಗಬೇಡಿ. ಮಣ್ಣಲ್ಲಿ ಹುದುಗಿದ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು ಅಂತ ಕಾಯ್ದೆಯೇ ಇದೆ.

ಮುಂದಿನ ವಾರ ಅದೇ ಹೊಲಕ್ಕೆ ಮತ್ತೆ ಹೋದೆ. ಬದುವಿನ ಪಕ್ಕ ಎರಡು ಬೆರಳು ಆಳದಲ್ಲಿ, ಶೇಂಗಾ ಬೇರಿನ ಮಣ್ಣಿಗೆ ಅಂಟಿಕೊಂಡಿತ್ತು ತಿರುಪು.