ಬೆಂಗಳೂರಿನ ಪಾದಚಾರಿ ಮಾರ್ಗ: ಕಟ್ಟಿದಷ್ಟೂ ಕಡಿದುಹೋಗುವುದೇಕೆ?

ಅಡೆತಡೆಯಿಲ್ಲದ ಪಾದಚಾರಿ ಮಾರ್ಗವನ್ನು ಬಳಸುವುದು ಸಂವಿಧಾನದ 21ನೇ ವಿಧಿ ಕೊಟ್ಟಿರುವ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. ಅಕ್ಟೋಬರ್‌ನಲ್ಲಿ, ಮೋಟಾರು ವಾಹನ ಕಾಯ್ದೆಯಡಿ ಪಾದಚಾರಿಗಳ ಸುರಕ್ಷತೆಗೆ ಆರು ತಿಂಗಳೊಳಗೆ ನಿಯಮ ರೂಪಿಸುವಂತೆ ರಾಜ್ಯಗಳಿಗೆ ಸೂಚಿಸಿತು. ಇವೆರಡರ ನಡುವೆ, ಸೆಪ್ಟೆಂಬರ್‌ನಲ್ಲಿ, ಬಿಬಿಎಂಪಿಯ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದವು. ಹೀಗೆ ಹಳೆಯ ಪ್ರಶ್ನೆಯೊಂದು ಹೊಸ ಕಚೇರಿಗಳ ಪಾಲಿಗೆ ಬಂದಿದೆ.

ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳ ಪಾಳಿ ಬಿಟ್ಟಾಗ ಸೈಕಲ್ಲುಗಳೇ ರಸ್ತೆ ತುಂಬುತ್ತಿದ್ದ ಊರು, ಕೆಲವೇ ದಶಕಗಳಲ್ಲಿ ಒಂದು ಕೋಟಿಗೂ ಹೆಚ್ಚು ನೋಂದಾಯಿತ ವಾಹನಗಳ ಊರಾಯಿತು. ರಸ್ತೆಗಳು ವಾಹನಗಳನ್ನಲ್ಲ, ಜನರನ್ನು ಸಾಗಿಸಬೇಕು ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿತು. ಮರುವರ್ಷ ರಾಜ್ಯದಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯ ಸ್ಥಾಪನೆಯಾಯಿತು. ಆದರೆ ಅದೇ ವರ್ಷಗಳಲ್ಲಿ ನಗರದಲ್ಲಿ ನಿಜಕ್ಕೂ ಭರದಿಂದ ನಡೆದದ್ದು ಏಕಮುಖ ಸಂಚಾರ, ಕೆಳಸೇತುವೆ ಮತ್ತು ರಸ್ತೆ ಅಗಲೀಕರಣ. ಕಟ್ಟಡ ಒಡೆಯಬೇಕಾದರೆ ಪರಿಹಾರ ಕೊಡಬೇಕು, ನ್ಯಾಯಾಲಯಕ್ಕೆ ಅಲೆಯಬೇಕು. ಪಾದಚಾರಿ ಮಾರ್ಗವನ್ನು ಕತ್ತರಿಸಲು ಅದಾವುದೂ ಬೇಕಿಲ್ಲ.

ನಮ್ಮ ರಸ್ತೆಗಳ ರಚನೆಯೂ ಇದಕ್ಕೆ ಅನುವು ಮಾಡಿಕೊಟ್ಟಿತು. ಇಲ್ಲಿ ಪಾದಚಾರಿ ಮಾರ್ಗವೆಂದು ಕರೆಯುವುದು ಬಹಳ ಕಡೆ ಮಳೆನೀರಿನ ಚರಂಡಿಯ ಮೇಲೆ ಹಾಸಿದ ಕಲ್ಲುಚಪ್ಪಡಿಗಳ ಸಾಲು. ಹೂಳೆತ್ತಲು ಚಪ್ಪಡಿ ತೆಗೆಯುತ್ತಾರೆ, ಸರಿಯಾಗಿ ಕೂರಿಸದೆ ಹೋಗುತ್ತಾರೆ. ಒಂದು ಚಪ್ಪಡಿ ಅಲುಗಾಡುತ್ತದೆ, ಮತ್ತೊಂದು ಇರುವುದೇ ಇಲ್ಲ. ಮುಂದೆ ಟ್ರಾನ್ಸ್‌ಫಾರ್ಮರ್, ಅದರಾಚೆ ಪ್ರತಿ ಮನೆಯ ಗೇಟಿನ ಮುಂದೆ ಕಾರು ಇಳಿಯಲೆಂದು ಮಾಡಿದ ಇಳಿಜಾರು. ಮೊಣಕಾಲು ನೋವಿರುವ ಹಿರಿಯರು ಹತ್ತು ಹೆಜ್ಜೆಗೊಮ್ಮೆ ಹತ್ತಿ ಇಳಿಯುವ ಬದಲು ರಸ್ತೆಗೇ ಇಳಿದು ನಡೆಯುತ್ತಾರೆ. ಅಪಘಾತವಾದರೆ, ಅವರೇಕೆ ರಸ್ತೆಯಲ್ಲಿ ನಡೆಯುತ್ತಿದ್ದರು ಎಂಬ ಪ್ರಶ್ನೆ ಮೊದಲು ಬರುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ 32,825 ಮಂದಿ ಪಾದಚಾರಿಗಳು.

ಈ ಪರಿಸ್ಥಿತಿಯನ್ನು ಬುಡದಿಂದಲೇ ಬದಲಿಸಲು ಹೊರಟ ಪ್ರಯತ್ನವೆಂದರೆ ಟೆಂಡರ್‌ಶ್ಯೂರ್ ಎಂಬ ರಸ್ತೆ ಮರುವಿನ್ಯಾಸ ಯೋಜನೆ. ಅದುವರೆಗೆ ನೀರಿನ ಕೊಳವೆಗೆ ಒಮ್ಮೆ, ವಿದ್ಯುತ್ ಕೇಬಲ್ಲಿಗೆ ಒಮ್ಮೆ, ದೂರವಾಣಿ ತಂತಿಗೆ ಮತ್ತೊಮ್ಮೆ ಎಂದು ಬೇರೆ ಬೇರೆ ಸಂಸ್ಥೆಗಳು ಒಂದೇ ರಸ್ತೆಯನ್ನು ಅಗೆಯುತ್ತಿದ್ದವು. ಟೆಂಡರ್‌ಶ್ಯೂರ್ ವಿನ್ಯಾಸದಲ್ಲಿ ಇವೆಲ್ಲಕ್ಕೂ ಪಾದಚಾರಿ ಮಾರ್ಗದ ಕೆಳಗೆ ಪ್ರತ್ಯೇಕ ಕೊಳವೆಗಳನ್ನಿಟ್ಟು, ಅಲ್ಲಲ್ಲಿ ಮುಚ್ಚಳ ತೆರೆದು ದುರಸ್ತಿ ಮಾಡುವಂತೆ ವ್ಯವಸ್ಥೆ ಮಾಡಲಾಯಿತು. ವಾಹನದ ಹಾದಿ ಎಲ್ಲೆಡೆ ಒಂದೇ ಅಗಲಕ್ಕೆ ನಿಂತು, ಮಿಕ್ಕ ಅಗಲ ನಡೆಯುವವರಿಗೆ, ಬಸ್ ತಂಗುದಾಣಕ್ಕೆ, ಮರಗಳಿಗೆ ಸಿಕ್ಕಿತು. ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆ, ವಿಠ್ಠಲ್ ಮಲ್ಯ ರಸ್ತೆ ಸೇರಿ ಮೊದಲ ಹಂತದಲ್ಲಿ ಏಳು ರಸ್ತೆಗಳು ಹೀಗೆ ಸಜ್ಜಾದವು. ವೆಚ್ಚ ವಿಪರೀತ, ರಸ್ತೆ ಕಿರಿದಾಯಿತು ಎಂಬ ಟೀಕೆಗಳು ಬಂದವು. ವೆಚ್ಚದ ಮಾತಿನಲ್ಲಿ ಹುರುಳಿತ್ತು, ನಿಜ. ಆದರೆ ಮೇಲ್ಸೇತುವೆಗಳ ವೆಚ್ಚಕ್ಕೆ ಅಷ್ಟೇ ನಿಷ್ಠುರವಾದ ಲೆಕ್ಕ ಕೇಳಿದ್ದು ಅಪರೂಪ. ಆ ರಸ್ತೆಗಳಲ್ಲಿ ಮಕ್ಕಳ ಕೈಹಿಡಿದು ಮಾತಾಡುತ್ತಾ ನಡೆಯಬಹುದು ಎಂಬುದು ಈ ನಗರದ ಮಟ್ಟಿಗೆ ಸಣ್ಣ ಸಂಗತಿಯಲ್ಲ.

ತೊಡಕೆಂದರೆ, ಈ ಅನುಕೂಲ ನಗರದ ನಡುಭಾಗದ ಆಚೆಗೆ ಹರಿದದ್ದು ಕಡಿಮೆ. 2018ರ ಮಾರ್ಚ್‌ನಲ್ಲಿ ಕಲ್ಲುಹಾಸಿನೊಂದಿಗೆ ಮತ್ತೆ ತೆರೆದ ಚರ್ಚ್ ಸ್ಟ್ರೀಟ್, 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನಮುಕ್ತವೂ ಆಯಿತು. ಆದರೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಾರ್ಮಿಕರು ದಿನವೂ ನಡೆಯುವ ಹಾದಿಗೆ ಅಂಥ ಭಾಗ್ಯ ಬರಲಿಲ್ಲ. ನಡಿಗೆ ವಿಹಾರವೆನಿಸಿಕೊಂಡ ಕಡೆ ಹಣ ಹರಿಯಿತು, ಅನಿವಾರ್ಯವಾದ ಕಡೆ ಹರಿಯಲಿಲ್ಲ.

ಸೈಕಲ್ಲಿನ ಕತೆ ಇನ್ನೂ ಚಿಕ್ಕದು. ಜಯನಗರದ ಸೈಕಲ್ ಪಥಗಳು ಕಾರು ನಿಲ್ಲಿಸುವ ಜಾಗಗಳಾದವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಬೇರ್ಪಡಿಸಿದ ಪಥ, ಮೆಟ್ರೊ ಕಾಮಗಾರಿ ಬಂದ ಮೇಲೆ ಉಳಿಯಲಿಲ್ಲ. ಮೈಸೂರಿನಲ್ಲಿ ಮಾತ್ರ 2017ರಲ್ಲಿ 450 ಸೈಕಲ್ಲುಗಳೊಂದಿಗೆ ಸರ್ಕಾರವೇ ಆರಂಭಿಸಿದ ಟ್ರಿನ್ ಟ್ರಿನ್ ಎಂಬ ಬಾಡಿಗೆ ಸೈಕಲ್ ಯೋಜನೆ ದೇಶದ ಗಮನ ಸೆಳೆಯಿತು.

ನಡೆಯುವವರ ಮತ್ತು ಸೈಕಲ್ ಸವಾರರ ಹಕ್ಕುಗಳಿಗೆಂದೇ ಭೂ ಸಾರಿಗೆ ನಿರ್ದೇಶನಾಲಯ ಮಸೂದೆಯ ಕರಡೊಂದನ್ನು ಸಿದ್ಧಪಡಿಸಿತ್ತು. ಕೋರ್ಟಿನ ಸೂಚನೆ ಬರುವವರೆಗೂ ಅದು ಕಾಯ್ದೆಯಾಗಲಿಲ್ಲ. ಈಗ ರಾಜ್ಯ ರೂಪಿಸಬೇಕಾದ ನಿಯಮಗಳಲ್ಲಿ ಎರಡು ಸಂಗತಿ ಸ್ಪಷ್ಟವಾಗಬೇಕಿದೆ: ಎರಡು ಪಾಲಿಕೆಗಳ ಗಡಿ ದಾಟುವ ರಸ್ತೆಯಲ್ಲಿ ಮುರಿದ ಚಪ್ಪಡಿಗೆ ಹೊಣೆ ಯಾರು, ಮತ್ತು ದೂರು ಕೊಟ್ಟವರಿಗೆ ಎಷ್ಟು ದಿನದಲ್ಲಿ ಉತ್ತರ ಸಿಗಬೇಕು.